ಸೈನೈಡ್ ದಿಬ್ಬದ ಬೂಷ್ಟು

ಸಮುದ್ರದ ದಂಡೆ ಮರಳಲ್ಲಿ ಬಗೆಬಗೆಯ ಬೂಷ್ಟು ಬದುಕುತ್ತದಂತೆ,
ಪಾಠ ಕೇಳಿ ಬಂದಳು ಆರೋಗ್ಯಮೇರಿ.
ನಮ್ಮ ಕೆಜಿಎಫ್‌ಗೆ ಸಮುದ್ರ ಎಲ್ಲಿಂದ ತರೋಣ?
ಇರುವುದು ಸೈನೈಡ್ ದಿಬ್ಬ,
ಚಿನ್ನ ಹಿಂಡಿಕೊಂಡು ಉಗುಳಿದ ಕಲ್ಲಹಿಟ್ಟು,
ಆಷಾಢದ ಗಾಳಿಗೆ ಸಾರಿನ ಪಾತ್ರೆಗೂ ಬಂದು ಕೂರುವಂಥದ್ದು.
‘ಅದೂ ಮರಳೇ ಅಲ್ವಾ ಪಿಳ್ಳಕ್ಕ?’

ಜಾಲಿ ಕೂಡ ಅಲ್ಲಿ ಮುಕ್ಕರಿದು ಬೆಳೆಯುತ್ತೆ,
ಏನೂ ಸಿಗಲ್ಲ ಹೋಗಮ್ಮ ಅಂದೆ.
ಐಸ್‌ಕ್ರೀಮ್ ಡಬ್ಬಿ ತುಂಬ ತಂದಳು,
ಟೇಪು ಸುತ್ತಿ, ತಾರೀಖು ಬರೆದು.

ನಾನು ಲ್ಯಾಬಿನ ಅಟೆಂಡರು.
ಇಪ್ಪತ್ತೆರಡು ವರ್ಷ ಗಾಜು ತೊಳೆದ ಕೈ.
ಆಲೂಗಡ್ಡೆ ಹೆರೆದು, ಬೇಯಿಸಿ, ಸೋಸಿ,
ಸಕ್ಕರೆ, ಅಗರ್ ಕದಡಿ ತಟ್ಟೆಗೆ ಹೊಯ್ದೆ;
ಮನೆಯ ಪಲ್ಯಕ್ಕೂ ಇಷ್ಟು ಜತನ ಮಾಡಿದವಳಲ್ಲ.

ಇನ್ನೊಂದು ತಟ್ಟೆಗೆ ಕೂದಲು ಬೇಕಂತೆ.
ಕೂದಲು ತಿನ್ನುವ ಜಾತಿಯೂ ಇದೆಯಂತೆ ಮರಳಲ್ಲಿ,
ಎರೆ ಇಟ್ಟರೆ ಮೇಲೆ ಬರುತ್ತದಂತೆ.
ಅವಳ ತಲೆಗೆ ಬಣ್ಣ.
ನನ್ನ ಬಾಚಣಿಗೆಯಿಂದಲೇ ಬಿಡಿಸಿ, ಕುದಿಸಿ ಕೊಟ್ಟೆ,
ಕರಿಯದೂ ಬಿಳಿಯದೂ.
ಅಪ್ಪ ಚಾಂಪಿಯನ್ ರೀಫಿನ ಶಾಫ್ಟಿಗಿಳಿದು
ಮೇಲಕ್ಕೆ ಕಳಿಸಿದ ಬಂಡೆಯ ಪುಡಿ ಕೆಳಗೆ,
ಅವನ ಮಗಳ ಕೂದಲು ಮೇಲೆ,
ಮುಚ್ಚಳ ಹಾಕಿ ಕತ್ತಲಲ್ಲಿಟ್ಟೆವು.

ನಾಲ್ಕನೇ ದಿನ ಬೀರು ತೆಗೆದರೆ
ಒಂದು ಕಡೆ ರಾಗಿ ಹಿಟ್ಟು ಚೆಲ್ಲಿದ ಹಾಗೆ,
ಅದಕ್ಕೊತ್ತಿ ಹಸಿರು, ಹಸಿರಿಗೆ ಬಿಳಿ ಅಂಚು,
ತಲೆ ಮೇಲೆ ಮಸಿಯ ಚುಕ್ಕೆ ಹೊತ್ತು ನಿಂತ
ಕಣ್ಣಿಗೆ ಕಂಡೂ ಕಾಣದ ಕಂಬಗಳು.
ಇವೆಲ್ಲ ಎಲ್ಲಿದ್ದವು, ಆ ಸುಡುಗಾಡು ಮರಳಲ್ಲಿ?
ಕೂದಲ ತಟ್ಟೆ ಮಾತ್ರ ಮೂರು ವಾರ ಸುಮ್ಮನಿತ್ತು.
ಆಮೇಲೆ ನನ್ನ ನರೆಗೂದಲ ಸುತ್ತ
ಹಸುಗೂಸಿನ ನೆತ್ತಿಯ ನವಿರಿನಂಥದ್ದು ಹಬ್ಬಿತು.

ಒಂದೊಂದನ್ನೂ ಬೇರೆ ತಟ್ಟೆಗೆ ಎತ್ತಿದಳು. ಹದಿನಾಲ್ಕು.
ಹದಿಮೂರಕ್ಕೆ ನಾಲಿಗೆ ಹೊರಳದ ಹೆಸರು.
ಕೂದಲಿನದು ಎಳೆಯ ಮೇಲೆ ಎಳೆ ನೂತದ್ದೇ ನೂತದ್ದು,
ಬೀಜ ಬಿಡಲಿಲ್ಲ.
ಬೀಜ ನೋಡದೆ ಹೆಸರಿಲ್ಲವಂತೆ.
ಖಾನೆಯಲ್ಲಿ ‘ಸ್ಟೆರೈಲ್’ ಅಂತ ಬರೆದಳು.

ಹಾಗಂದ್ರೆ?
ಪೆನ್ನಿನ ಮುಚ್ಚಳ ಕಚ್ಚಿದಳು.
‘ಅದೇ ಅಕ್ಕ... ಬಂಜೆ.’

ಬೀಕರು ತೊಳೆದೆ.
ತೊಳೆದದ್ದನ್ನೇ ಮತ್ತೆ ತೊಳೆದೆ.
ಆಂಡರ್ಸನ್‌ಪೇಟೆಯಲ್ಲಿ
ಆ ಮಾತಿಗೆ ನಮ್ಮ ಮನೆ ನಂಬರು ಗೊತ್ತು.

ಆಮೇಲೆ ಅಂದೆ:
ತಟ್ಟೆ ನಮ್ಮದು, ಆಲೂಗಡ್ಡೆ ನಮ್ಮದು,
ಕತ್ತಲು ಎಷ್ಟು ದಿನ ಅನ್ನೋದೂ ನಾವೇ ಗೊತ್ತು ಮಾಡಿದ್ದು.
ಅದಕ್ಕೇನು ಬೇಕು ಅಂತ ಕೇಳಿದ್ವಾ?
ಇನ್ನೂ ಬಾಯಿ ಬಿಟ್ಟಿಲ್ಲ ಅಂತ ಬರಿ.

ಬರೆದಳೋ ಇಲ್ಲವೋ, ನೋಡಲಿಲ್ಲ.
ಶನಿವಾರ ಎಲ್ಲ ತಟ್ಟೆ ಕುಕ್ಕರಿಗೆ ಹಾಕಿ
ಹಬೆಯಲ್ಲಿ ಕೊಂದು ತೊಳೆಯಬೇಕು, ಅದು ನಿಯಮ.
ಹದಿಮೂರು ಹಾಕಿದೆ.
ವಿಷಲ್ ಕೂಗುವಾಗ ಕಿಟಕಿಯಾಚೆ ದಿಬ್ಬ
ಬೆಳ್ಳಗೆ ಬಿಸಿಲಿಗೆ ಬಿದ್ದುಕೊಂಡಿತ್ತು,
ಒಳಗೆ ಏನೂ ಇಲ್ಲದವರ ಹಾಗೆ.