ಬಣ್ಣ ಸರದ ಹಾಳಿ

ಬೆಟಗೇರಿಯ ಪ್ರೆಸ್ಸಿನಾಗ ಫಾರಂ ಮಡಚಾಕಿ ನಾನು.
ಹದಿನಾರು ಪುಟಕ್ಕೊಂದು ಫಾರಂ, ಸಾವಿರಕ್ಕಿಷ್ಟು ಕೂಲಿ.
ಹ್ವಾದ ವಾರ ಬಂದಿತ್ತು ಸಮತೋಲ ಆಹಾರದ ಚಾರ್ಟು:
ಸೇಬು, ಬದಾಮಿ, ತುಂಬಿದ ಹಾಲಿನ ಗ್ಲಾಸು,
ನಗೋ ಮನಿಮಂದಿ,
ಒಬ್ಬರ ಹಲ್ಲೂ ಹುಳುಕಿಲ್ಲ.
ಮೊದಲಿನ ನೂರು ಹಾಳಿ ಕೆಟ್ಟುವು.
ಕೆಂಪು ಬಣ್ಣ ಎರಡು ಬಟ್ಟು ಆಚಿ ಸರದು
ಸೇಬು ಒಂದು ಕಡೆ, ಅದರ ಕೆಂಪು ಒಂದು ಕಡೆ.
ಮಶೀನಿನ ದಾದಾಪೀರ ಬೈಕೋತ ಪ್ಲೇಟು ತಿದ್ದಿದ.
ರದ್ದಿಯೊಳಗಿಂದ ನಾನೊಂದು ಹಾಳಿ ತಂದೆ,
ಡಬ್ಬಿ ಕೆಳಗ ಹಾಸಾಕ ಆಕ್ಕೈತಂತ.

ಅವತ್ತಽ ಭೂಮಿಕಾ ಸಾಲ್ಯಾಗಿಂದ ಚೀಟಿ ತಂದ್ಲು.
ರಕ್ತ: ಎಂಟು ಪಾಯಿಂಟ್ ಒಂಬತ್ತು.
ಹನ್ನೆರಡರ ಹತ್ತರ ಇರಬೇಕಂತ.
'ಪಾಸೋ ಫೇಲೋ ಹೇಳಬೇ' ಅಂದ್ಲು.
ನಾ ಡಬ್ಬಿ ಕೆಳಗಿನ ಹಾಳಿ ಜಗ್ಗಿ
ಬಾಗಲದ ಹಿಂದ ಅಂಟಿಸಿದೆ.

ಲೆಕ್ಕ ನನಗೂ ಬರತೈತಿ.
ಒಂದು ಸೇಬಿನ ರೊಕ್ಕಕ್ಕ ಪಾವಕಿಲೋ ಮಡಿಕಿಕಾಳು.
ನೆನಸಿ, ಅರಿವ್ಯಾಗ ಕಟ್ಟಿ, ಮ್ಯಾಲೊಂದು ಕಲ್ಲು ಹೇರಿದರ
ಮುಂಜಾನೆ ಬುಟ್ಟಿ ತುಂಬಿ ಬಾಲ ಬಿಟ್ಕೊಂಡು ಕುಂತಿರತಾವು.
ಈ ಮನ್ಯಾಗ
ರಾತ್ರಿ ಮಲಗಿ ಎದ್ದರೊಳಗ ಹೆಚ್ಚಾಗೋದು
ಅವೊಂದಽ.

ಮಾರ್ಕೆಟ್ಟಿಗೆ ಏಳೂವರಿ ಆದಮ್ಯಾಲೆ ಹೋಗಬೇಕು.
ಅದಕ್ಕೂ ಮುಂಚೆ ಹೋದರ ಹುಲಿಗೆವ್ವ ರೇಟು ಹೇಳತಾಳ,
ಆಮ್ಯಾಲೆ ಹೋದರ ತ್ರಾಸು ಹೇಳತಾಳ.
ಮಗನ ಗಾಡಿ ಕಂತು, ಮಣಕಾಲ ಬ್ಯಾನಿ, ಸೊಸಿಯ ಬಾಯಿ,
ಎಲ್ಲಾ ಕೇಳಿದಾಕಿಗೆ
ಪುಂಡಿಪಲ್ಯ ಮೂರು ಸೂಡು ಹತ್ತು ರೂಪಾಯಿ,
ಮ್ಯಾಲೊಂದು ಹಿಡಿ ಹಕ್ಕರಕಿ ಪುಗಸಟ್ಟೆ.
ಬಾಡಿದ್ದ ಬ್ಯಾರೆ, ಕೊಳತದ್ದ ಬ್ಯಾರೆ.
ದೀಪದ ಬೆಳಕಿನಾಗೂ ಬಟ್ಟಿಗೆ ಗೊತ್ತಾಕ್ಕೈತಿ.

ಪುಂಡಿಪಲ್ಯ ಕಬ್ಬಿಣದ ಬುಟ್ಟ್ಯಾಗಽ ಕುದಿಸು ಅಂದ್ಲು
ಚೀಟಿ ಓದಿ ಹೇಳಾಕ ಬಂದ ಆಶಾ ಅಕ್ಕ.
ಕಬ್ಬಿಣದ್ದು ಎಲ್ಲೈತಿ?
ದೀಪಾವಳಿ ಚೀಟಿಯಾಗ ನಾನ್‌ಸ್ಟಿಕ್ಕು ಬಂದಾಗಿಂದ
ಹಿತ್ತಲದಾಗ ಲೋಳಸರ ಹಚ್ಚೇವಿ ಅದರಾಗ.
ಗಿಡ ಕಿತ್ತು, ಇಟ್ಟಂಗಿಪುಡಿ ಹಾಕಿ, ಹುಣಸಿಹಣ್ಣು ಹಾಕಿ
ತೋಳು ಬೀಳೂತನಕ ತಿಕ್ಕಿದೆ.
ಊಟದ ಮ್ಯಾಲೆ ಚಾ ಬ್ಯಾಡ ಅಂತನೂ ಹೇಳಿ ಹ್ವಾದ್ಲು.
ಸಕ್ಕರಿ ಉಳೀತು.
ಮನಿಯವರ ಮಾರಿ ಗಡಿಗಿ ಆತು.

ಇನ್ನ ತತ್ತಿ ಮಾತು.
ಸಾಲ್ಯಾಗ ಕೊಡತಾರ, ಪುಗಸಟ್ಟೆ, ಬೇಯಿಸಿ, ಸುಲದು.
ನಮ್ಮಕಿ ದಿನಾ ಬಾಳಿಹಣ್ಣಿನ ಪಾಳಿಗೆ ನಿಲ್ಲತಾಳ.
ಅತ್ತಿ ಬಾಯಿ ಮೂಸತಾರ ಅಂತ.
ಲಿಂಗ ಕಟ್ಟಿದ ಕೊರಳು, ಎಪ್ಪತ್ತೆರಡು ವರ್ಷ,
ಉಳ್ಳಾಗಡ್ಡಿ ಹೊಸಲು ದಾಟಿದರೂ ಗೊತ್ತಾಗತಿತ್ತು ಆ ಮೂಗಿಗೆ.
ಎಂಟು ಪಾಯಿಂಟ್ ಒಂಬತ್ತು ಅಂದೆ ನಾನು.
ಅಷ್ಟಽ ಅಂದೆ, ಮತ್ತೇನೂ ಅನ್ನಲಿಲ್ಲ.
ಅವರು ಮರದಾಗಿನ ತೊಗರಿಬ್ಯಾಳಿಯೊಳಗ ಕಲ್ಲು ಹುಡುಕಾಕತ್ತಿದ್ರು.
ಭಾಳ ಹೊತ್ತು ಹುಡುಕಿದ್ರು.
ಆಮ್ಯಾಲೆ ಮಾರಿ ಎತ್ತದಽ,
'ಯಾಕೋ ನೆಗಡಿ ಬರೂವಂಗ ಐತೆವಾ ನನಗ.
ನಾಳಿಂದ ಯಾವ ವಾಸನಿನೂ ಹತ್ತಲಿಕ್ಕಿಲ್ಲ.'

ಪುಂಡಿಪಲ್ಯ ಕಪ್ಪಗ ಕುದ್ದಿತ್ತು, ನುಚ್ಚು ಬೆರತು.
'ಡಾಂಬರ್ ಹಂಗ ಐತಿ' ಅಂತ ಭೂಮಿಕಾ.
ಬೆಳ್ಳೊಳ್ಳಿ ಒಗ್ಗರಣಿ ಬಿದ್ದಮ್ಯಾಲೆ
ಡಾಂಬರಿನ ಎರಡನೇ ಸಲ ಕೇಳಿದ್ಲು.
ನಾನು ಬುಟ್ಟಿಯ ಅಂಚಿಗೆ ಹತ್ತಿದ್ದನ್ನ
ರೊಟ್ಟಿ ಚೂರಿನಿಂದ ಒರಸಿ ತಿಂದೆ.
ನನ್ನ ರಕ್ತ ಎಷ್ಟೈತಿ, ನಾ ತೋರಿಸಿಲ್ಲ.
ತೋರಿಸಿದರ ಅದಕ್ಕೂ ಮಾರ್ಕೆಟ್ಟಿಗೆ ಹೋಗಬೇಕಾಕ್ಕೈತಿ.

ಈಗ ಬಿಸಲು ಏರೇತಿ. ಬಾಗಲದ ಹಿಂದಿನ ಹಾಳಿ
ಗ್ಯಾಸಿನ ಕಾವಿಗೆ ಮೂಲಿ ಸುರುಳಿ ಸುತ್ತೇತಿ.
ಊರಾಗ ಯಾರಿಗೂ ಥಂಡಿಲ್ಲ, ಕೆಮ್ಮಿಲ್ಲ.
ನಮ್ಮತ್ತಿ ಮಾತ್ರ ದಿನಾ ಸಂಜಿಕೆ
ಹುಡುಗಿ ಸಾಲಿ ಬಿಟ್ಟು ಬರೂ ಹೊತ್ತಿಗೆ
ಸೆರಗು ಮೂಗಿಗೆ ಹಿಡದು
ಕಟ್ಟಿಮ್ಯಾಲೆ ಕುಂತಿರತಾರ.