ಎರಡು ಬೆರಳು

ರೊಕ್ಕದ ಮಾತು ಆಮೇಲೆ, ಮೊದಲು ಎತ್ತರದ ಮಾತು.
ಹೈದರಾಬಾದಿನ ಆ ಪಾರ್ಕಿನ ಗೇಟಿನಲ್ಲಿ
ತಗಡಿನ ಜಿರಾಫೆ ಒಂದು ನಿಂತಿರುತ್ತದಂತೆ.
ಹೋಗಿ ಬಂದ ಸುಗುಣಾ ನಳದ ಹತ್ತಿರ ಹೇಳಿದಳು:
ಅದರ ಮಂಡಿ ದಾಟದ ಕೂಸಿಗೆ ಟಿಕೀಟು ಇಲ್ಲ,
ಅದರ ಎದೆ ಮುಟ್ಟದ ಕೂಸಿಗೆ ದೊಡ್ಡ ರೈಲು ಇಲ್ಲ.
ಮಂಡಿ ಅಂದರೆ ಮೂವತ್ನಾಲ್ಕು ಇಂಚು, ಎದೆ ನಲವತ್ತೆಂಟು.

ಮಂಗಲಪೇಟೆಯ ನಮ್ಮ ಓಣಿಯಲ್ಲಿ ಟೇಪು ಇರುವುದು ನನ್ನ ಕೊರಳಲ್ಲಿ.
ಶನಿವಾರ ರಾತ್ರಿ, ಮಶೀನಿಗೆ ಮುಸುಕು ಹಾಕಿದ ಮೇಲೆ,
ಪ್ರಭುದಾಸ ಬಾಗಿಲ ಚೌಕಟ್ಟಿನ ಮೇಲೆ ಜಿರಾಫೆಯ ಗೀಟು ಎಳೆದ,
ಅದರ ಕೆಳಗೆ ಶೀಬಾಳನ್ನು ನಿಲ್ಲಿಸಿದ.
ಹಿಮ್ಮಡಿ ಹಚ್ಚು. ಜುಟ್ಟು ಬಿಚ್ಚು.
ಉಸಿರು ಬಿಗಿಹಿಡೀಬ್ಯಾಡ, ಅದರಿಂದ ಏನೂ ಆಗೂದಿಲ್ಲ.
ನಲವತ್ತಾರೂವರೆ.
ಎರಡು ಬೆರಳು ಕಮ್ಮಿ.

ಆಮೇಲೆ ಅಬ್ನೇರ. ಮೂರು ತುಂಬಿ ಒಂದು ತಿಂಗಳು,
ನಿಲ್ಲು ಅಂದರೆ ಕುಣಿಯುವ ವಯಸ್ಸು,
ಬೆಲ್ಲದ ತುಣುಕು ತೋರಿಸಿ ನಿಲ್ಲಿಸಿದ್ದಾಯಿತು.
ಮೂವತ್ನಾಲ್ಕೂವರೆ. ಅರ್ಧ ಇಂಚಿಗೆ ಆರುನೂರು ರೂಪಾಯಿ!
ದೀನಮ್ಮತ್ತೆ ಅಂದರು, "ಗೇಟಿನಾಗ ಜರಾ ಬಗ್ಗಿ ನಿಂದ್ರೋ ಕಂದ."
ಅದೇ ಬಾಯಿಂದ ಅಕ್ಕನಿಗೆ, "ನೀ ತುದಿಗಾಲ ಮ್ಯಾಲೆ ನಿಂದ್ರು."
ಒಂದು ಕೂಸಿಗೆ ಬೆಳಿ ಅಂತ, ಒಂದು ಕೂಸಿಗೆ ತಡಿ ಅಂತ,
ಭಾನುವಾರ ಚರ್ಚಿನ ಮೊದಲ ಸಾಲಿನಲ್ಲಿ ಕೂತು
ಪ್ರಾರ್ಥನೆ ಹೇಗೆ ಮಾಡುತ್ತಾರೋ.

ಮೇ ತಿಂಗಳ ಎರಡನೆಯ ಮಂಗಳವಾರ ಅಂತ ಗೊತ್ತಾಗಿದೆ,
ಕೊಳಾರದ ಫ್ಯಾಕ್ಟರಿಯಲ್ಲಿ ಅವತ್ತು ಬಾಯ್ಲರ್ ತೊಳೆಯುತ್ತಾರೆ.
ನಸುಕಿನ ಐದರ ಬಸ್ಸು. ಜಹೀರಾಬಾದಿನಲ್ಲಿ ಒಂದಕ್ಕೆ ಇಳಿಸಬೇಕು,
ಬೇಡ ಅಂದರೂ ಇಳಿಸಬೇಕು.
ಹೋದ ವರ್ಷ ಇದೇ ರೊಕ್ಕ ಕಾಮಣಿಗೆ ಹೋಯಿತು,
ಅದರ ಹಿಂದಿನ ವರ್ಷ ಫ್ರಿಜ್ಜಿಗೆ.
ಈ ಸಲ ಕೇಕಿನ ಡಬ್ಬಿಗೆ ದಾರ ಬಿಗಿದು
ಮೇಲೆ ಬೈಬಲ್ಲು ಇಟ್ಟಿದ್ದೇನೆ.

ಹೊರಗಿನ ಊಟ ಒಳಗೆ ಬಿಡುವುದಿಲ್ಲವಂತೆ.
ಅತ್ತೆ ನಕ್ಕರು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ
ಅಬ್ನೇರನ ಚಡ್ಡಿಗಳ ಕೆಳಗೆ ಹೋಗುತ್ತವೆ.
"ಅದರಾಗ ಯಾವ ಪೊಲೀಸ ಕೈ ಹಾಕ್ತಾನ?"
ಅರವತ್ತು ದಾಟಿದವರಿಗೆ ರಿಯಾಯಿತಿ ಇದೆ ಅಂದೆ.
ಆಧಾರಿನಲ್ಲಿ ಅವರಿಗೆ ಐವತ್ತೇಳು.
ಬರೆದವನು ಕೇಳಲೇ ಇಲ್ಲ, ಮುಖ ನೋಡಿ ಬರೆದ
ಅಂತ ಹೇಳುವಾಗ, ಸಿಟ್ಟಿನೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಹತ್ತಿ ಬಟ್ಟೆ ಹಾಕಿದವರನ್ನು ನೀರಿಗೆ ಇಳಿಸುವುದಿಲ್ಲ.
ಅಲ್ಲೇ ಬಾಡಿಗೆಗೆ ಸಿಗುತ್ತದಂತೆ, ಯಾರದೋ ಮೈಯ ನೈಲಾನು.
ಕ್ರಿಸ್‌ಮಸ್ ನಾಟಕದ ದೇವದೂತರಿಗೆ ಹೊಲಿದು ಉಳಿದದ್ದು
ಮೂರು ಮೀಟರು ಬಿಳಿ ಇದೆ ನನ್ನಲ್ಲಿ.
ಬಿಳಿ ನೀರಲ್ಲಿ ಮೈ ತೋರಿಸುತ್ತದೆ, ಅಸ್ತರು ಕೊಡಬೇಕು.

ಯಾರಿಗೂ ಹೇಳದ ಮಾತು ಒಂದಿದೆ.
ನನ್ನ ಟೇಪಿನ ಮೊದಲ ಇಂಚು ಸವೆದು ಹರಿದು ಎರಡು ವರ್ಷ.
ಒಂದರಿಂದಲೇ ಶುರು ಅದು. ಓಣಿಯ ಹೆಂಗಸರ ಎದೆ, ಸೊಂಟ, ತೋಳು,
ಎಲ್ಲದರಲ್ಲೂ ಒಂದು ಕಳೆದೇ ಬರೆಯುತ್ತೇನೆ, ಕೈಗೆ ರೂಢಿ.
ಪ್ರಭುದಾಸನಿಗೆ ಗೊತ್ತಿಲ್ಲ.
ಅಬ್ನೇರ ಮೂವತ್ಮೂರೂವರೆ: ಪುಕ್ಕಟೆ.
ಶೀಬಾ ನಲವತ್ತೈದೂವರೆ.

ಅವಳು ದಿನಾ ಕಿಟಕಿಯ ಸರಳಿಗೆ ಜೋತುಬೀಳುತ್ತಾಳೆ,
ಹಾಲಿನ ಲೋಟ ಬೋರಲು ಹಾಕಿ ತೋರಿಸುತ್ತಾಳೆ.
ಮೊನ್ನೆ ನೋಡಿದರೆ, ಚೌಕಟ್ಟಿನ ಜಿರಾಫೆ ಗೀಟು ಅಳಿಸಿ
ಬೆರಳಗಲ ಕೆಳಗೆ ಯಾರೋ ಎಳೆದಿದ್ದಾರೆ, ಸೊಟ್ಟಗೆ.
ನಾನು ಒರೆಸಲಿಲ್ಲ.

ಈಗ ಹನ್ನೊಂದು ಗಂಟೆ. ಫ್ಯಾನು ಅದೇ ಬಿಸಿಗಾಳಿ ತಿರುವುತ್ತಿದೆ.
ದೇವದೂತರ ಬಟ್ಟೆ ಕತ್ತರಿಸಿ, ಕಾಲಿನ ಅಂಚು ಮಡಚುವಾಗ
ಎರಡು ಬೆರಳು ಒಳಗೆ ಬಿಟ್ಟೆ, ಬಿಚ್ಚಿದರೆ ಬರುವ ಹಾಗೆ.
ನಿದ್ದೆಗಣ್ಣಲ್ಲಿ ಅಬ್ನೇರ ಎದ್ದು ಕೂತ:
"ಅವ್ವಾ, ಜಿರಾಫೆ ಕಚ್ಚತದೇನು?"
"ಇಲ್ಲ, ತಗಡಿಂದದ," ಅಂದೆ.
"ಅಳೀತದ, ಅಷ್ಟ."