ಬಿಷಪ್ಪರ ಕುರ್ಚಿ

ಕೆಥೆಡ್ರಲ್ ಎಂದರೆ ನಗಬೇಡಿ.
ಸ್ಕಾಟ್ಲೆಂಡಿನ ಪಡುಗಡಲ ಈ ಚೂರು ನೆಲದಲ್ಲಿ
ನಲವತ್ತು ಜನ ಕೂತರೆ ಒಳಗೆ
ನಲವತ್ತೊಂದನೆಯವನು ಉಸಿರು ಹಿಡಿದೇ ಬರಬೇಕು.
ಗೋಪುರವೂ ಇತ್ತಂತೆ; ಯಾವ ಕಾಲದ್ದೋ ಗಾಳಿ
ಕಿತ್ತು ಕಡಲಿಗೆ ಕೊಟ್ಟಿತು,
ಕಡಲು ರಸೀದಿ ಕೊಡಲಿಲ್ಲ.

ಕುರ್ಚಿ ಇದ್ದರೆ ಸಾಕು, ಕೆಥೆಡ್ರಲ್ಲೇ
ಅನ್ನುತ್ತಾಳೆ ಬೀಗದ ಕೈ ಕಾಯುವ ಡೋಲಿನಾ.
ಬಾಗಿಲಿಗೆ ಬೀಗವಿಲ್ಲ, ಕೈ ಮಾತ್ರ ಇದೆ,
ಮೊಣಕೈಯುದ್ದ, ಅವಳ ಅಡುಗೆಮನೆಯ ಮೊಳೆಯಲ್ಲಿ.

ಓಕ್ ಮರದ ಕುರ್ಚಿ. ತೋಳಿಗೊಂದು ನೀರುನಾಯಿಯ ತಲೆ,
ಮುಟ್ಟಿ ಮುಟ್ಟಿ ಮೂಗು ಸವೆದಿದೆ.
ಬಿಷಪ್ಪರು ಬರುವುದು ವರ್ಷಕ್ಕೊಮ್ಮೆ, ಜೂನಿನಲ್ಲಿ,
ಅದೂ ಫೆರ್ರಿ ಹೊರಟರೆ.
ಉಳಿದ ದಿನ ಅದರ ಮೇಲೆ
ಆರ್ಗನ್ ನುಡಿಸುವ ಫಾರ್ಕರ್‌ನ ಒದ್ದೆ ಕೋಟು,
ಜೋಡಿ ಕಳೆದುಕೊಂಡ ಕೈಗವಸು,
ಮಾರಲಿಟ್ಟ ಮೊಟ್ಟೆ, ಡಜನ್ನಿಗೆ ಎರಡು ಪೌಂಡು.
ಬಲ್ಬು ಹೋದರೆ ಡೋಲಿನಾಳ ಎರಡು ಪಾದ,
ಬೂಟು ಕಳಚಿ; ಅಷ್ಟು ಮರ್ಯಾದೆ ಉಂಟು.

ದೇವರನ್ನು ನಂಬದವರು ಎಡಗಡೆ,
ಹೀಟರು ಇರುವುದು ಅಲ್ಲೇ.
ನಂಬುವವರು ಬಲಗಡೆ ನಡುಗುತ್ತಾರೆ
ಒಂದಿಷ್ಟು ಹೆಮ್ಮೆಯಿಂದ.
ಭಾನುವಾರದ ಪ್ರಾರ್ಥನೆಗೆ ಒಂಬತ್ತು ಮಂದಿ.
ಬುಧವಾರ, ಡಾಕ್ಟರು ದೋಣಿಯಲ್ಲಿ ಬಂದು
ಜ್ಞಾನಸ್ನಾನದ ತೊಟ್ಟಿಯ ಪಕ್ಕ ಬಿಪಿ ನೋಡುವಾಗ
ಇಡೀ ದ್ವೀಪ.

ಮಂಜು ಕವಿದರೆ ಗಂಟೆ ಹೊಡೆಯುವುದು ಸರದಿ.
ಹಗ್ಗದ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಹೆಸರು, ಹೊತ್ತು.
ಎರಡು ಬಡಿತ, ನಾಲ್ಕು ಉಸಿರು, ಮತ್ತೆ ಎರಡು ಬಡಿತ,
ದೋಣಿಗಳಿಗೆ ಗುರುತು ಸಿಗುವ ಹಾಗೆ.
ಯಾರ ಮನೆಯ ದೋಣಿ ಹೊರಗಿದೆಯೋ
ಅವರು ಹಗ್ಗ ಮುಟ್ಟಕೂಡದು:
ಉಸಿರೆಣಿಸಲಾಗದು, ಕೈ ನಿಲ್ಲದು.

ಆ ಮಾರ್ಚಿನಲ್ಲಿ ಅವಳ ಟಾರ್ಕ್ವಿಲ್ ಹೊರಗಿದ್ದ.
ಡೋಲಿನಾ ಕುರ್ಚಿಯಲ್ಲಿ ಕೂತಳು. ಯಾರೂ ಏನೂ ಅನ್ನಲಿಲ್ಲ.
ಎರಡು ರಾತ್ರಿ, ನಡುವೆ ಹಗಲೆಂಬ ಹೆಸರಿನದೊಂದು,
ಹಗ್ಗ ಕೈಯಿಂದ ಕೈಗೆ ದಾಟಿತು
ಹೀಟರಿನ ಕಡೆಯವರು, ನಡುಗುವ ಕಡೆಯವರು,
ಶಾಲೆಯ ಆರೂ ಮಕ್ಕಳು, ಸ್ಟೂಲಿನ ಮೇಲೆ ನಿಂತು.
ಎರಡು ಬಡಿತ. ನಾಲ್ಕು ಉಸಿರು.

ಮೂರನೆಯ ಬೆಳಿಗ್ಗೆ ಮಂಜು ಎದ್ದುಹೋಯಿತು.
ಕಡಲು ಒರೆಸಿಟ್ಟ ತಟ್ಟೆಯ ಹಾಗೆ, ಖಾಲಿ.
ಅವಳೇ ಎದ್ದು ಹಗ್ಗ ಸುತ್ತಿ ಮೊಳೆಗೆ ಹಾಕಿದಳು,
ಗೋಡೆಯ ಹೆಸರು ಅಳಿಸಲಿಲ್ಲ.

ಜೂನಿನಲ್ಲಿ ಬಿಷಪ್ಪರು ಬಂದರು.
ಯಾರೋ ಹೇಳಿರಬೇಕು,
ಕುರ್ಚಿಯ ಮುಂದೆ ತಡೆದು ನಿಂತರು,
ನೀರುನಾಯಿಯ ಮೂಗು ಸವರಿದರು, ಕೂರಲಿಲ್ಲ.
ಫಾರ್ಕರ್ ಒಂದೇ ಸ್ವರ ಒತ್ತಿಹಿಡಿದು ಕಾದ.

ಡೋಲಿನಾ ಎದ್ದು ಬಂದಳು,
ದಿಂಬು ಕೊಡವಿ ತಿರುಗಿಸಿ ಹಾಕಿದಳು:
ಕೂತ್ಕೊಳ್ಳಿ ಸ್ವಾಮಿ,
ಮೊಟ್ಟೆ ತೆಗೆದಿಟ್ಟಿದ್ದೀನಿ.